ಸೂರ್ಯ ಮುಳುಗಿದ ಮೇಲೆ ಏಳುವ ಬಿರುಗಾಳಿ: ಮೇಲಾಕಾಶದ ಪ್ಲಾಸ್ಮಾ ಮತ್ತು ನಮ್ಮ ಮೂರು ಜಿಲ್ಲೆಗಳು

2025ರ ನವೆಂಬರ್ ತಿಂಗಳಲ್ಲಿ ಸೂರ್ಯನ ಹೆಸರು ಎರಡು ಬಾರಿ ದೊಡ್ಡ ಸುದ್ದಿಯಾಯಿತು. ಎರಡನೆಯ ವಾರದಲ್ಲಿ ಜಿ-4 ದರ್ಜೆಯ, ಅಂದರೆ ಐದು ಮೆಟ್ಟಿಲುಗಳ ಅಳತೆಯಲ್ಲಿ ನಾಲ್ಕನೆಯದಾದ, ಭೂಕಾಂತೀಯ ಬಿರುಗಾಳಿ (ಭೂಮಿಯ ಕಾಂತಕ್ಷೇತ್ರದ ಏರುಪೇರು) ಬೀಸಿತು. 28ರಂದು ಏರ್‌ಬಸ್ ಕಂಪನಿಯು, ತೀವ್ರ ಸೌರ ವಿಕಿರಣದಿಂದ ಎ320 ಮಾದರಿಯ ವಿಮಾನಗಳ ಹಾರಾಟ ನಿಯಂತ್ರಣದ ಮಾಹಿತಿ ಕೆಡಬಹುದೆಂದು ಪ್ರಕಟಿಸಿತು. ಜಗತ್ತಿನಾದ್ಯಂತ ಸುಮಾರು 6,000 ವಿಮಾನಗಳಿಗೆ, ಅವುಗಳಲ್ಲಿ ಭಾರತದ 300ಕ್ಕೂ ಹೆಚ್ಚು ವಿಮಾನಗಳಿಗೆ, ತುರ್ತು ತಿದ್ದುಪಡಿ ಬೇಕಾಯಿತು. ಇವೆರಡರ ಜೊತೆಗೆ, "ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ದೂರ ಇಡಿ" ಎಂಬ ವರ್ಷಗಳಷ್ಟು ಹಳೆಯ ವಾಟ್ಸ್‌ಆ್ಯಪ್ ಸಂದೇಶವನ್ನೂ ಸೇರಿಸಿಕೊಂಡರೆ, ಓದುಗರಿಗೆ ಗೊಂದಲವಾಗುವುದು ಸಹಜ.

ಗೊಂದಲದ ಮೂಲ ಒಂದೇ. "ಸೌರ ಬಿರುಗಾಳಿ" ಎಂಬ ಒಂದು ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ವಿದ್ಯಮಾನಗಳನ್ನು ಕಟ್ಟಿಹಾಕಲಾಗುತ್ತಿದೆ. ಅವುಗಳಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಅಕ್ಷಾಂಶಕ್ಕೆ ಹೆಚ್ಚು ಸಂಬಂಧಪಟ್ಟ ವಿದ್ಯಮಾನ ಸುದ್ದಿಯಾಗುವುದೇ ಇಲ್ಲ.

ಒಂದೇ ಹೆಸರಿನಡಿ ನಾಲ್ಕು ಸಂಗತಿಗಳು

ಮೊದಲನೆಯದು ಸೌರ ಜ್ವಾಲೆ. ಅದು ಬೆಳಕಿನ ಸ್ಫೋಟವಾದುದರಿಂದ ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನು ತಲುಪುತ್ತದೆ, ಹಗಲಿರುವ ಕಡೆಯಲ್ಲಿ ಮಾತ್ರ ಪರಿಣಾಮ ಬೀರುತ್ತದೆ, ಮತ್ತು ಶಾರ್ಟ್‌ವೇವ್ ರೇಡಿಯೊವನ್ನು ಸ್ವಲ್ಪ ಹೊತ್ತು ಮೂಕವಾಗಿಸುತ್ತದೆ. ಎರಡನೆಯದು ಅತಿವೇಗದ ಪ್ರೋಟಾನುಗಳ ಮಳೆ. ಉಪಗ್ರಹಗಳಿಗೂ ಧ್ರುವಮಾರ್ಗದ ವಿಮಾನಗಳಿಗೂ ಅದರ ಬಿಸಿ ಹೆಚ್ಚು. ಮೂರನೆಯದು ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಚಿಮ್ಮಿ, ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಭೂಮಿಗೆ ಬಡಿಯುವ ಪ್ಲಾಸ್ಮಾ, ಅಂದರೆ ವಿದ್ಯುದಾವೇಶಗಳ ಅನಿಲದ, ಮೋಡ. ಭೂಕಾಂತೀಯ ಬಿರುಗಾಳಿ ಎಬ್ಬಿಸುವುದು, ಲಡಾಖ್‌ನ ಹಾನ್ಲೆಯ ಆಕಾಶವನ್ನು 2024ರ ಮೇ ತಿಂಗಳಲ್ಲಿ ಕೆಂಪಾಗಿಸಿದ್ದು ಇದೇ.

ನಾಲ್ಕನೆಯದಕ್ಕೆ ಸೂರ್ಯನ ಸ್ಫೋಟ ಬೇಕಾಗಿಲ್ಲ. ಸೂರ್ಯ ಮುಳುಗಿದರೆ ಸಾಕು. ಭೂಕಾಂತೀಯ ಸಮಭಾಜಕದ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಗೆರೆಯ) ಮೇಲಿನ ಪ್ಲಾಸ್ಮಾ ಆ ಹೊತ್ತಿನಲ್ಲಿ ತಾನಾಗಿಯೇ ಕದಡಿ, ಗುಳ್ಳೆಗಳಾಗಿ ನೂರಾರು ಕಿಲೋಮೀಟರ್ ಎತ್ತರಕ್ಕೆ ಏಳುತ್ತದೆ. ವಿಜ್ಞಾನಿಗಳು ಇದನ್ನು ಸಮಭಾಜಕ ಪ್ಲಾಸ್ಮಾ ಗುಳ್ಳೆ ಎನ್ನುತ್ತಾರೆ.

ವಿಮಾನದ ಸುದ್ದಿ ಇದರಲ್ಲಿ ಎಲ್ಲಿ ನಿಲ್ಲುತ್ತದೆ?

ಏರ್‌ಬಸ್ ಪ್ರಕಟಣೆಗೆ ಕಾರಣವಾದದ್ದು 2025ರ ಅಕ್ಟೋಬರ್ 30ರ ಒಂದು ಘಟನೆ. ಮೆಕ್ಸಿಕೊದ ಕ್ಯಾನ್‌ಕೂನ್‌ನಿಂದ ಅಮೆರಿಕದ ನ್ಯೂವಾರ್ಕ್‌ಗೆ ಹೊರಟಿದ್ದ ಎ320 ವಿಮಾನವು ಚಾಲಕರ ಆಣತಿಯಿಲ್ಲದೆ ಹಠಾತ್ತನೆ ಕೆಳಕ್ಕೆ ಜಗ್ಗಿ, ಕೊನೆಗೆ ಟ್ಯಾಂಪಾದಲ್ಲಿ ಇಳಿಯಿತು. ಕಣವೊಂದು ಕಂಪ್ಯೂಟರಿನ ಚಿಪ್‌ಗೆ ತಗುಲಿ ಸೊನ್ನೆಯನ್ನು ಒಂದಾಗಿ ಬದಲಿಸಿರಬಹುದು ಎಂಬುದು ವಿವರಣೆ. ಆ ದಿನ ಸೂರ್ಯ ಅಂಥ ಅಬ್ಬರದಲ್ಲೇನೂ ಇರಲಿಲ್ಲ, ದೂರದ ಬ್ರಹ್ಮಾಂಡದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣವೇ ಕಾರಣವಾಗಿರಬಹುದು ಎಂದು ಬಾಹ್ಯಾಕಾಶ ಹವಾಮಾನದ ಕೆಲವು ತಜ್ಞರು ತಕರಾರು ಎತ್ತಿದರು. ಹೆಚ್ಚಿನ ವಿಮಾನಗಳಿಗೆ ಮಾಡಿದ ಪರಿಹಾರ ಹಿಂದಿನ ಆವೃತ್ತಿಯ ಸಾಫ್ಟ್‌ವೇರ್‌ಗೆ ಮರಳುವುದಾಗಿತ್ತು ಎಂಬುದನ್ನು ಗಮನಿಸಿದರೆ, ಸೂರ್ಯನಿಗಿಂತ ಹೆಚ್ಚಿನ ವಿಚಾರಣೆ ನಡೆಯಬೇಕಾದದ್ದು ಆ ಸಾಫ್ಟ್‌ವೇರ್‌ನ ತಡೆಶಕ್ತಿಯ ಬಗ್ಗೆ ಎನಿಸುತ್ತದೆ.

ಕಾಸ್ಮಿಕ್ ಕಿರಣಗಳು ಯಾವುದೋ ಒಂದು ರಾತ್ರಿ "ಹತ್ತಿರ ಹಾದುಹೋಗುವ" ವಸ್ತುವಲ್ಲ ಎಂಬುದನ್ನು ಕೋಲಾರ ಜಿಲ್ಲೆ ಬಹಳ ಹಿಂದೆಯೇ ಲೋಕಕ್ಕೆ ತೋರಿಸಿದೆ. ಕೆ.ಜಿ.ಎಫ್. ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣ ಇಟ್ಟು ವಿಜ್ಞಾನಿಗಳು 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಗುರುತಿಸಿದ್ದು, ಈ ಕಿರಣಗಳ ಸುರಿಮಳೆಯಿಂದ ತಪ್ಪಿಸಿಕೊಳ್ಳಲು ಅಷ್ಟು ಆಳಕ್ಕೆ ಇಳಿಯಬೇಕಾಗಿದ್ದರಿಂದ. ಅದೇನೇ ಇದ್ದರೂ ಇದು ಚಿಪ್‌ಗೆ ತಗುಲುವ ಕಣದ ಕಥೆ. ಮೇಲಾಕಾಶದ ಪ್ಲಾಸ್ಮಾಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಂಜೆಯ ಆಕಾಶದಲ್ಲಿ ನಡೆಯುವುದೇನು?

ನೆಲದಿಂದ ಸುಮಾರು 60 ಕಿ.ಮೀ. ಎತ್ತರದಲ್ಲಿ ಆರಂಭವಾಗಿ 1,000 ಕಿ.ಮೀ.ವರೆಗೆ ಹರಡಿರುವ ಅಯಾನುಗೋಳದಲ್ಲಿ, ಸೂರ್ಯನ ಅತಿನೇರಳೆ ಮತ್ತು ಎಕ್ಸ್-ಕಿರಣಗಳು ಅಣು-ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತವೆ. ಹೀಗೆ ಬಿಡಿಬಿಡಿಯಾದ ವಿದ್ಯುದಾವೇಶಗಳ ಅನಿಲವೇ ಪ್ಲಾಸ್ಮಾ. ಅದರ ಅತಿ ದಟ್ಟವಾದ ಪದರ ಸುಮಾರು 250ರಿಂದ 400 ಕಿ.ಮೀ. ಎತ್ತರದಲ್ಲಿರುತ್ತದೆ.

ಭಾರತದ ರೇಖಾಂಶದಲ್ಲಿ ಭೂಕಾಂತೀಯ ಸಮಭಾಜಕವು ದೇಶದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಅಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿ ದಕ್ಷಿಣೋತ್ತರವಾಗಿ ಮಲಗಿರುತ್ತವೆ. ಹಗಲಿನಲ್ಲಿ ಪೂರ್ವಾಭಿಮುಖವಾಗಿರುವ ವಿದ್ಯುತ್ ಕ್ಷೇತ್ರ ಈ ಕಾಂತಕ್ಷೇತ್ರದ ಜೊತೆ ಸೇರಿ ಪ್ಲಾಸ್ಮಾವನ್ನು ಮೇಲಕ್ಕೆತ್ತುತ್ತದೆ. ಎತ್ತಿದ ಪ್ಲಾಸ್ಮಾ ಕಾಂತರೇಖೆಗಳ ಗುಂಟ ಕಾರಂಜಿಯಂತೆ ಎರಡೂ ಬದಿಗೆ ಇಳಿದು, ಉತ್ತರದಲ್ಲಿ ಅಹಮದಾಬಾದ್-ಭೋಪಾಲ್ ಆಸುಪಾಸಿನ ಆಕಾಶದಲ್ಲಿ ರಾಶಿಯಾಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಈ ಎತ್ತುವ ಶಕ್ತಿ ಸ್ವಲ್ಪ ಹೊತ್ತು ದಿಢೀರನೆ ಹೆಚ್ಚುತ್ತದೆ. ಅದೇ ಸಮಯಕ್ಕೆ ಕೆಳಪದರದ ಪ್ಲಾಸ್ಮಾ, ಬೆಳಕಿಲ್ಲದ್ದರಿಂದ, ಬೇಗ ಕರಗಿಹೋಗುತ್ತದೆ. ಪರಿಣಾಮವಾಗಿ ದಟ್ಟವಾದದ್ದು ಮೇಲೆ, ಬರಿದಾದದ್ದು ಕೆಳಗೆ ಎಂಬ ಅಸ್ಥಿರ ಸ್ಥಿತಿ ಉಂಟಾಗುತ್ತದೆ.

ಮುದ್ದೆ ಮಾಡುವವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಕುದಿಯುವ ಎಸರಿನ ಮೇಲೆ ರಾಗಿಹಿಟ್ಟು ಸುರಿದು ಕೋಲಾಡಿಸದೆ ಬಿಟ್ಟರೆ, ಮೇಲೆ ಕೂತ ಹಿಟ್ಟಿನ ರಾಶಿಯನ್ನು ಕೆಳಗಿನ ಎಸರು ಅಲ್ಲಲ್ಲಿ ಸೀಳಿಕೊಂಡು ಬುಳುಬುಳು ಎಂದು ಉಕ್ಕುತ್ತದೆ. ಹಾಗೆಯೇ ಕೆಳಗಿನ ಬರಿದಾದ ಭಾಗ ಮೇಲಿನ ದಟ್ಟ ಪದರವನ್ನು ಸೀಳಿ ಏಳುವುದೇ ಪ್ಲಾಸ್ಮಾ ಗುಳ್ಳೆ. (ಆಕಾಶದಲ್ಲಿ ಕೆಳಗೆ ಒಲೆಯಿಲ್ಲ, ಗುರುತ್ವವೇ ಆ ಕೆಲಸ ಮಾಡುತ್ತದೆ.) ಗುಳ್ಳೆ ಮೇಲೇರಿದಂತೆ ಕಾಂತರೇಖೆಗಳ ಉದ್ದಕ್ಕೂ ಉತ್ತರ-ದಕ್ಷಿಣಕ್ಕೆ ಚಾಚಿಕೊಳ್ಳುತ್ತದೆ ಮತ್ತು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಪೂರ್ವಕ್ಕೆ ತೇಲುತ್ತದೆ. ತುಮಕೂರಿನ ನೆತ್ತಿಯ ಮೇಲಿದ್ದ ಗುಳ್ಳೆ ಕೋಲಾರದ ನೆತ್ತಿಗೆ ಬರಲು ಇಪ್ಪತ್ತು ನಿಮಿಷದಷ್ಟು ಸಾಕು.

ಇಲ್ಲಿ ನಮ್ಮ ಜಿಲ್ಲೆಗಳ ಸ್ಥಾನ ಮುಖ್ಯವಾಗುತ್ತದೆ. ಕೋಲಾರದ ಮೇಲೆ 300 ಕಿ.ಮೀ. ಎತ್ತರದಲ್ಲಿ ಹಾದುಹೋಗುವ ಕಾಂತರೇಖೆಯು ಸಮಭಾಜಕದ ಮೇಲೆ ಅದಕ್ಕಿಂತ ಕೆಲವು ಹತ್ತು ಕಿಲೋಮೀಟರ್ ಮಾತ್ರ ಎತ್ತರದಲ್ಲಿರುತ್ತದೆ. ಭೋಪಾಲದ ಮೇಲಿನ ರೇಖೆಯಾದರೋ ಅಲ್ಲಿ 700-800 ಕಿ.ಮೀ.ಗೆ ಏರಿರುತ್ತದೆ. ಆದ್ದರಿಂದ ಅಷ್ಟೆತ್ತರ ಏರಿದ ದೈತ್ಯ ಗುಳ್ಳೆ ಮಾತ್ರ ಭೋಪಾಲವನ್ನು ಮುಟ್ಟಿದರೆ, ಗಿಡ್ಡ ಗುಳ್ಳೆಯೂ ನಮ್ಮನ್ನು ಮುಟ್ಟುತ್ತದೆ. ಆದರೆ ಪ್ಲಾಸ್ಮಾದ ರಾಶಿ ಬಿದ್ದಿರುವುದು ಉತ್ತರದಲ್ಲಾದ್ದರಿಂದ ಪೆಟ್ಟಿನ ತೀವ್ರತೆ ಅಲ್ಲಿ ಜಾಸ್ತಿ. ನಮಗೆ ಪದೇಪದೇ, ಅವರಿಗೆ ಅಪರೂಪಕ್ಕೆ ಜೋರಾಗಿ ಎನ್ನಬಹುದು.

ಬಿರುಗಾಳಿ ಬಂದರೆ ಗುಳ್ಳೆ ಹೆಚ್ಚುತ್ತದೆಯೇ?

ಈ ಪ್ರಶ್ನೆಗೆ ಹೌದು ಮತ್ತು ಇಲ್ಲ ಎಂಬ ಎರಡೂ ಉತ್ತರಗಳನ್ನು ವಿಜ್ಞಾನಿಗಳು ಕೊಡುತ್ತಾರೆ, ಮತ್ತು ಇಬ್ಬರೂ ಸರಿ. ಪ್ಲಾಸ್ಮಾ ಮೋಡ ಭೂಮಿಗೆ ಬಡಿದ ಕೂಡಲೇ ಧ್ರುವಪ್ರದೇಶದಿಂದ ಒಂದು ವಿದ್ಯುತ್ ಕ್ಷೇತ್ರ ಸಮಭಾಜಕದವರೆಗೆ ತೂರಿ ಬರುತ್ತದೆ. ಅದು ಬಂದಾಗ ನಮ್ಮಲ್ಲಿ ಸಂಜೆಯಾಗಿದ್ದರೆ, ಎತ್ತುವ ಶಕ್ತಿಗೆ ಇನ್ನಷ್ಟು ಬಲ ಸಿಕ್ಕಿ ಗುಳ್ಳೆಗಳು ಉಗ್ರವಾಗುತ್ತವೆ. ಕೆಲವು ಗಂಟೆಗಳ ಬಳಿಕ, ಬಿರುಗಾಳಿಯಿಂದ ಕಾದ ಧ್ರುವಪ್ರದೇಶದ ಗಾಳಿ ಸಮಭಾಜಕದತ್ತ ಬೀಸತೊಡಗಿ ವಿರುದ್ಧ ದಿಕ್ಕಿನ ಕ್ಷೇತ್ರವನ್ನು ಹುಟ್ಟಿಸುತ್ತದೆ. ಆಗ ಮರುದಿನದ ಸಂಜೆಯ ಗುಳ್ಳೆಗಳು ಏಳದೆಯೂ ಹೋಗಬಹುದು, ಅಥವಾ ಮಧ್ಯರಾತ್ರಿ ಕಳೆದ ಮೇಲೆ ಅಕಾಲದಲ್ಲಿ ಏಳಬಹುದು.

ಎರಡು ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ. 2015ರ ಮಾರ್ಚ್ 17ರ ಬಿರುಗಾಳಿ ಭಾರತದಲ್ಲಿ ಸಂಜೆಯ ಹೊತ್ತಿಗೆ ತೀವ್ರವಾಯಿತು. ತಮಿಳುನಾಡಿನ ತಿರುನೆಲ್ವೇಲಿಯ ಉಪಕರಣಗಳು ಪ್ಲಾಸ್ಮಾ ಪದರ ಭರದಿಂದ ಮೇಲೇರಿದ್ದನ್ನು ದಾಖಲಿಸಿದವು. 2024ರ ಮೇ 10-11ರದ್ದು ಅದಕ್ಕಿಂತ ಎಷ್ಟೋ ದೊಡ್ಡದು. 2003ರ ಅಕ್ಟೋಬರ್ ನಂತರದ ಮೊದಲ ಜಿ-5 ಬಿರುಗಾಳಿಯಾದ ಅದು ಅಮೆರಿಕದಲ್ಲಿ ಬಿತ್ತನೆಯ ದಿನಗಳಲ್ಲಿ ಟ್ರ್ಯಾಕ್ಟರುಗಳ ಜಿಪಿಎಸ್ ಮಾರ್ಗದರ್ಶನವನ್ನೇ ಕೆಡಿಸಿತು. ಆದರೆ ಅದರ ಮುಖ್ಯ ಹೊಡೆತ ಬಿದ್ದಾಗ ಇಲ್ಲಿ ಬೆಳಗಿನ ಜಾವ. ಅಯಾನುಗೋಳ ಇನ್ನೂ ತುಂಬಿಕೊಂಡಿರಲಿಲ್ಲ. ಹೀಗಾಗಿ ಭಾರತದ ಪಾಲಿಗೆ ಪರಿಣಾಮ ಕಡಿಮೆಯಾಯಿತೆಂದು ಇಸ್ರೊ ವಿವರಿಸಿತು. ಜಿ-4, ಜಿ-5 ಎಂಬ ಅಂಕಿ ಬಿರುಗಾಳಿಯ ಬಲವನ್ನಷ್ಟೇ ಹೇಳುತ್ತದೆ. ಅದು ಬಡಿಯುವಾಗ ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆ ಎಂಬ, ನಮಗೆ ಹೆಚ್ಚು ಬೇಕಾದ, ಸಂಗತಿ ಅದರಲ್ಲಿಲ್ಲ.

ರೋವರ್ ಮತ್ತು ಒಂದು ಗುಂಟೆ

ಪರಿಣಾಮ ಎಲ್ಲಿ ನೆಲಕ್ಕೆ ತಾಗುತ್ತದೆ ಎಂಬುದನ್ನು ನೋಡಲು ಭೂಮಾಪನ ಒಳ್ಳೆಯ ಜಾಗ. ಪೋಡಿ, ಹದ್ದುಬಸ್ತು, 11ಇ ನಕ್ಷೆಯ ಅಳತೆಗಳಲ್ಲಿ ಸರಪಳಿಯ ಬದಲು ಈಗ ರೋವರ್ ಎಂಬ, ಕೋಲಿನ ತುದಿಯಲ್ಲಿ ಅಣಬೆಯಂತೆ ಕೂತ, ಉಪಗ್ರಹ ಗ್ರಾಹಕ ಬರುತ್ತಿದೆ. ಅದು ಉಪಗ್ರಹಗಳ ಸಂಕೇತಗಳ ಜೊತೆಗೆ, ಸರ್ವೆ ಆಫ್ ಇಂಡಿಯಾದ ಕಾರ್ಸ್ ಎಂಬ ಜಾಲದ ಸ್ಥಿರ ಕೇಂದ್ರಗಳಿಂದ ತಿದ್ದುಪಡಿಯನ್ನೂ ಪಡೆದು ಕೆಲವೇ ಸೆಂಟಿಮೀಟರಿನ ನಿಖರತೆಯಲ್ಲಿ ಸ್ಥಾನ ಹೇಳುತ್ತದೆ.

ಉಪಗ್ರಹದ ಸಂಕೇತ ಪ್ಲಾಸ್ಮಾದೊಳಗಿನಿಂದ ಬರುವಾಗ ತಡವಾಗುತ್ತದೆ. ಒಂದು ಚದರ ಮೀಟರ್ ಅಡ್ಡಗಲದ ದಾರಿಯಲ್ಲಿ 10 ಸಾವಿರ ಲಕ್ಷ ಕೋಟಿ ಎಲೆಕ್ಟ್ರಾನುಗಳಿದ್ದರೆ ಅದನ್ನು ಒಂದು ಘಟಕವೆಂದು ಎಣಿಸುತ್ತಾರೆ. ಜಿಪಿಎಸ್‌ನ ಮುಖ್ಯ ತರಂಗಾಂತರದಲ್ಲಿ ಪ್ರತಿ ಘಟಕಕ್ಕೂ ದೂರದ ಲೆಕ್ಕ ಸುಮಾರು 16 ಸೆಂಟಿಮೀಟರ್ ತಪ್ಪುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳ ಮಧ್ಯಾಹ್ನಗಳಲ್ಲಿ 100 ಘಟಕಗಳಿರುವುದೂ ಉಂಟು, ಅಂದರೆ 16 ಮೀಟರ್. ಎರಡು ತರಂಗಾಂತರಗಳನ್ನು ಹೋಲಿಸುವುದರಿಂದಲೂ ಸ್ಥಿರ ಕೇಂದ್ರದ ತಿದ್ದುಪಡಿಯಿಂದಲೂ ಈ ತಪ್ಪಿನ ಬಹುಪಾಲು ಹೋಗುತ್ತದೆ. ಆದರೆ ರೋವರಿನ ಮೇಲಿನ ಪ್ಲಾಸ್ಮಾ ಮತ್ತು ಹತ್ತಾರು ಕಿಲೋಮೀಟರ್ ದೂರದ ಕೇಂದ್ರದ ಮೇಲಿನ ಪ್ಲಾಸ್ಮಾ ಒಂದೇ ತೆರನಾಗಿದ್ದರೆ ಮಾತ್ರ ಆ ತಿದ್ದುಪಡಿ ಪೂರ್ತಿ ಹೊಂದುತ್ತದೆ. ನಡುವೆ ಗುಳ್ಳೆಯ ಅಂಚೊಂದು ಬಂದರೆ ಹೊಂದುವುದಿಲ್ಲ. ಗುಳ್ಳೆಯೊಳಗಿನ ಸಣ್ಣ ಏರುಪೇರುಗಳಿಂದ ಸಂಕೇತ ನಕ್ಷತ್ರದಂತೆ ಮಿನುಗತೊಡಗಿ, ಗ್ರಾಹಕವು ಉಪಗ್ರಹದ ಹಿಡಿತವನ್ನೇ ಕಳೆದುಕೊಳ್ಳಲೂಬಹುದು. ರೋವರಿನ ಪರದೆಯ ಮೇಲೆ ಖಚಿತ ಸ್ಥಾನದ "ಫಿಕ್ಸ್" ಎಂಬುದು ಅಂದಾಜು ಸ್ಥಾನದ "ಫ್ಲೋಟ್" ಆಗುವುದು ಆಗಲೇ. ಮರದ ನೆರಳು, ನೆಟ್‌ವರ್ಕ್ ಸಿಗದಿರುವುದು ಮುಂತಾದ ಕಾರಣಗಳಿಂದಲೂ ಹಾಗೆ ಆಗುವುದರಿಂದ, ನಿಜವಾದ ಕಾರಣ ಪ್ಲಾಸ್ಮಾ ಎಂದು ಸ್ಥಳದಲ್ಲಿ ತಿಳಿಯುವುದು ಕಷ್ಟ.

ಫ್ಲೋಟ್ ಸ್ಥಿತಿಯಲ್ಲಿ ತಪ್ಪು ಹಲವು ಡೆಸಿಮೀಟರುಗಳಿಂದ ಒಂದು ಮೀಟರಿನ ಆಸುಪಾಸಿಗೂ ಹೋಗಬಹುದು. 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆಯ ಒಂದು ಬದಿಯ ಗೆರೆ ಒಂದು ಮೀಟರ್ ಸರಿದರೆ ಹತ್ತರಲ್ಲಿ ಒಂದು ಪಾಲು ನೆಲ ಅತ್ತಿಂದಿತ್ತ ಹೋಗುತ್ತದೆ. ಬದುವಿನ ಒಂದು ಅಡಿಗೆ ತಲೆಮಾರುಗಟ್ಟಲೆ ವ್ಯಾಜ್ಯ ನಡೆಯುವ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ಗಾಬರಿಯಾಗಬೇಕಾದ ಕಾರಣವೂ ಇಲ್ಲ. ಗುಳ್ಳೆಗಳು ಏಳುವುದು ಹೆಚ್ಚಾಗಿ ಸಂಜೆ ಏಳರಿಂದ ಮಧ್ಯರಾತ್ರಿಯ ನಡುವೆ. ಸರ್ವೆಯರು ಆ ಹೊತ್ತಿಗೆ ಮನೆ ಸೇರಿರುತ್ತಾರೆ. ಇಂದಿನ ರೋವರುಗಳು ಹಲವು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ನೋಡುವುದರಿಂದ ಎರಡು-ಮೂರು ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ. ಮೂಲ ಟಿಪ್ಪಣಿ, ಆಕಾರಬಂದ್, ನೆಟ್ಟ ಕಲ್ಲುಗಳನ್ನು ಯಾವ ಬಿರುಗಾಳಿಯೂ ಕದಲಿಸದು. ಕಳವಳ ಇರಬೇಕಾದದ್ದು ಭೂಕಾಂತೀಯ ಬಿರುಗಾಳಿ ಹಗಲಿನಲ್ಲೇ ಬಡಿದ ದಿನ, ಫಿಕ್ಸ್ ಬರಲಿಲ್ಲವೆಂದು ಫ್ಲೋಟಿನ ಬಿಂದುವನ್ನೇ ಒಪ್ಪಿಕೊಂಡ ಅಳತೆಯ ಬಗ್ಗೆ. ಅದೇ ಬಿಂದುವನ್ನು ಒಂದೆರಡು ಗಂಟೆ ಬಿಟ್ಟು ಮತ್ತೊಮ್ಮೆ ಅಳೆದರೆ ಉಪಗ್ರಹಗಳ ಸ್ಥಾನವೂ ಪ್ಲಾಸ್ಮಾದ ಸ್ಥಿತಿಯೂ ಬದಲಾಗಿರುವುದರಿಂದ ತಪ್ಪು ಬಯಲಾಗುತ್ತದೆ. ವೆಚ್ಚವಿಲ್ಲದ ಈ ಉಪಾಯಕ್ಕೆ ಬೇಕಾದದ್ದು ಸಮಯ. ಅರ್ಜಿಗಳ ರಾಶಿಯ ಮುಂದೆ ಕೂತ ಸರ್ವೆಯರಿಗೆ ಇಲ್ಲದಿರುವುದೂ ಅದೇ.

ಮೊಬೈಲ್ ಟವರುಗಳು ಸಮಯ ಹೊಂದಿಸಿಕೊಳ್ಳಲು ಉಪಗ್ರಹ ಸಂಕೇತ ಬಳಸುತ್ತವಾದರೂ, ಸಂಕೇತ ತಪ್ಪಿದರೆ ತಮ್ಮದೇ ಗಡಿಯಾರದ ಮೇಲೆ ಸಾಕಷ್ಟು ಹೊತ್ತು ನಡೆಯುವಂತೆ ಅವನ್ನು ಕಟ್ಟಲಾಗಿರುತ್ತದೆ. ನೆಲದಡಿಯ ಫೈಬರ್‌ನೊಳಗೆ ಓಡುವ ಬೆಳಕಿಗೆ ಅಯಾನುಗೋಳದ ಗೊಡವೆಯೇ ಇಲ್ಲ. ಆ ವಾಟ್ಸ್‌ಆ್ಯಪ್ ಸಂದೇಶಕ್ಕೆ ಇಷ್ಟು ಉತ್ತರ ಸಾಕು.

ದೇವನಹಳ್ಳಿಗೆ ಇಳಿಯುವ ವಿಮಾನ

ವಿಮಾನಗಳಿಗಾಗಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ರೂಪಿಸಿದ, ಉಪಗ್ರಹ ಸಂಕೇತದ ತಪ್ಪನ್ನು ತಿದ್ದಿ ದಾರಿ ತೋರುವ "ಗಗನ್" ವ್ಯವಸ್ಥೆಗೆ ಈ ಅಕ್ಷಾಂಶದ ಅಯಾನುಗೋಳವೇ ದೊಡ್ಡ ತೊಡಕಾಗಿತ್ತು. ಅಮೆರಿಕ, ಯುರೋಪುಗಳಲ್ಲಿ ಪ್ಲಾಸ್ಮಾವನ್ನು ಸುಮಾರು 350 ಕಿ.ಮೀ. ಎತ್ತರದ ಒಂದೇ ತೆಳು ಹಾಳೆ ಎಂದು ಭಾವಿಸಿ ಲೆಕ್ಕ ಹಾಕಿದರೆ ನಡೆಯುತ್ತದೆ. ಕಾರಂಜಿ ಮತ್ತು ಗುಳ್ಳೆಗಳಿರುವ ಇಲ್ಲಿ ಆ ಭಾವನೆ ನಿಲ್ಲದ್ದರಿಂದ, ಹಲವು ಪದರಗಳ ಮಾದರಿಯನ್ನು ಪ್ರತ್ಯೇಕವಾಗಿ ರೂಪಿಸಬೇಕಾಯಿತು. ಇಳಿಯುವ ಹಂತದ ಮಾರ್ಗದರ್ಶನಕ್ಕೆ ಗಗನ್‌ಗೆ ಪ್ರಮಾಣಪತ್ರ ಸಿಕ್ಕಿದ್ದು 2015ರಲ್ಲಿ. ಸಂಕೇತದ ಮೇಲೆ ಭರವಸೆ ಇಲ್ಲದಾಗ ತನ್ನ ಸೇವೆಯನ್ನು ತಾನೇ ಹಿಂತೆಗೆದುಕೊಳ್ಳುವುದು ಇಂಥ ವ್ಯವಸ್ಥೆಯ ಗುಣ. ಬೆಂಗಳೂರಿನಂಥ ನಿಲ್ದಾಣದಲ್ಲಿ ನೆಲದಿಂದಲೇ ದಾರಿ ತೋರುವ ಉಪಕರಣವೂ ಇರುವುದರಿಂದ ಅಪಾಯವೇನಿಲ್ಲ. ಅಂಥ ಉಪಕರಣವಿಲ್ಲದ ಸಣ್ಣ ನಿಲ್ದಾಣಗಳಲ್ಲಿ ಮಾತ್ರ ಸಂಜೆಯ ವಿಮಾನ ಕಾಯಬೇಕಾಗಬಹುದು.

ಪಾವಗಡದ ಫಲಕ, ಕೋಲಾರದ ತಂತಿ

ಸೌರ ಬಿರುಗಾಳಿಯಿಂದ ಸೌರ ಫಲಕಗಳು ಸುಟ್ಟುಹೋಗುತ್ತವೆ ಎಂಬ ಊಹೆ ಹೆಸರಿನ ಸಾಮ್ಯದಿಂದ ಹುಟ್ಟಿದ್ದು. ಪಾವಗಡದ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಉದ್ಯಾನಕ್ಕೆ ಬರುವ ಬಿಸಿಲು ಬಿರುಗಾಳಿಯ ದಿನವೂ ಅಷ್ಟೇ ಇರುತ್ತದೆ, ಮತ್ತು ಫಲಕಗಳ ಮೇಲೆ ಇಡೀ ವಾತಾವರಣದ ಕವಚವಿದೆ. ಮೋಡ ಮುಸುಕುವುದು ಅದಕ್ಕೆ ಇದಕ್ಕಿಂತ ದೊಡ್ಡ ಸಮಸ್ಯೆ.

ತಂತಿಗಳ ವಿಷಯ ಬೇರೆ. ಭೂಕಾಂತ ಕ್ಷೇತ್ರ ವೇಗವಾಗಿ ಏರುಪೇರಾದಾಗ ನೆಲದಲ್ಲಿ ವಿದ್ಯುತ್ ಹುಟ್ಟಿ, ಭೂಸಂಪರ್ಕವಿರುವ ಟ್ರಾನ್ಸ್‌ಫಾರ್ಮರುಗಳ ಮೂಲಕ ಉದ್ದನೆಯ ತಂತಿಗಳಿಗೆ ನುಗ್ಗುತ್ತದೆ. ಪರ್ಯಾಯ ವಿದ್ಯುತ್ತಿಗಾಗಿ ಮಾಡಿದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಈ ನಿಧಾನಗತಿಯ ವಿದ್ಯುತ್ತಿನಿಂದ ತುಂಬಿಹೋಗಿ ಕಾಯತೊಡಗುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದ ಜಾಲ ಸುಮಾರು ಒಂದೂವರೆ ನಿಮಿಷದಲ್ಲಿ ಕುಸಿದು, 60 ಲಕ್ಷ ಜನ ಒಂಬತ್ತು ಗಂಟೆಗಳಷ್ಟು ಕಾಲ ಕತ್ತಲಲ್ಲಿ ಉಳಿದದ್ದು ಇದರಿಂದ.

ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಿಂದ ವಿದ್ಯುತ್ ಹೊತ್ತು ತರುತ್ತಿರುವ ನೇರ ವಿದ್ಯುತ್ ಮಾರ್ಗ ಸುಮಾರು 1,450 ಕಿ.ಮೀ. ಉದ್ದವಿದೆ. ಉದ್ದ ಹೆಚ್ಚಿದ್ದರೆ ಅಪಾಯವೂ ಹೆಚ್ಚೆಂದು ಅನಿಸುವುದು ಸಹಜವಾದರೂ, ನೇರ ವಿದ್ಯುತ್ತಿನ ಈ ಮಾರ್ಗಕ್ಕಿಂತ ಅದರ ಸುತ್ತಲಿನ ಪರ್ಯಾಯ ವಿದ್ಯುತ್ ಜಾಲದ ಟ್ರಾನ್ಸ್‌ಫಾರ್ಮರುಗಳೇ ಮೊದಲು ಗಮನಿಸಬೇಕಾದವು. ಅದಕ್ಕಿಂತ ಮುಖ್ಯವಾಗಿ, ಕ್ವಿಬೆಕ್‌ನ ನೆತ್ತಿಯ ಮೇಲೆ ಹರಿಯುವ ಧ್ರುವಪ್ರಭೆಯ ಪ್ರಚಂಡ ವಿದ್ಯುತ್ ಹೊಳೆ ನಮ್ಮ ಮೇಲಿಲ್ಲ. ಸಮಭಾಜಕಕ್ಕೂ ಹಗಲಿನಲ್ಲಿ ಹರಿಯುವ ತನ್ನದೊಂದು ವಿದ್ಯುತ್ ಹೊಳೆ ಇದೆ; ಆದರೆ ಅದರ ಕಿರಿದಾದ ಪಟ್ಟಿ ಕೇರಳ ಮತ್ತು ದಕ್ಷಿಣ ತಮಿಳುನಾಡಿನ ಮೇಲೆ ಹಾದುಹೋಗುತ್ತದೆ, ಕೋಲಾರ ಅದರ ಅಂಚಿನಿಂದ ಸ್ವಲ್ಪ ಆಚೆಗಿದೆ.

ಆದ್ದರಿಂದ ಈ ಚರ್ಚೆಯಲ್ಲಿ ಒಂದು ಪಕ್ಷದವರ ವಾದವು ಟ್ರಾನ್ಸ್‌ಫಾರ್ಮರುಗಳ ಈ ಅಪಾಯವನ್ನು ಸಿಡಿಲು, ಬೇಸಿಗೆಯ ಹೊರೆಗಳ ನಂತರ ನೋಡಬೇಕಾದ ವಿಷಯ ಎನ್ನುತ್ತದೆ. ಇನ್ನೊಂದು ಪಕ್ಷ 1859ರ ಸೆಪ್ಟೆಂಬರ್ 2ರ ಮುಂಬೈಯ ಕೊಲಾಬಾ ವೀಕ್ಷಣಾಲಯದ ದಾಖಲೆಯತ್ತ ಬೆರಳು ತೋರಿಸುತ್ತದೆ. ಕ್ಯಾರಿಂಗ್ಟನ್ ಬಿರುಗಾಳಿ ಎಂದು ಹೆಸರಾದ ಆ ಪ್ರಚಂಡ ಭೂಕಾಂತೀಯ ಬಿರುಗಾಳಿಯಂದು ಅಲ್ಲಿ ಭೂಕಾಂತ ಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಘಟಕ) ಕುಸಿದಿತ್ತು, ಮತ್ತು ಕೊಲಾಬಾ ಇರುವುದೂ ಕೆಳ ಅಕ್ಷಾಂಶದಲ್ಲೇ. ಮೊದಲ ಪಕ್ಷದ ಆದ್ಯತೆಯ ಕ್ರಮ ಸರಿಯೆಂದು ಒಪ್ಪಿದರೂ, ಆಯ್ದ ಟ್ರಾನ್ಸ್‌ಫಾರ್ಮರುಗಳ ಭೂಸಂಪರ್ಕದಲ್ಲಿ ಹರಿಯುವ ವಿದ್ಯುತ್ತನ್ನು ಅಳೆದಿಡಲು ತಗಲುವ ಖರ್ಚು ಅಲ್ಪ. ಅಳತೆಯೇ ಇಲ್ಲದ ವಾದ ಬಹಳ ದೂರ ಸಾಗದು.

ಮುನ್ಸೂಚನೆ ಎಲ್ಲಿಯವರೆಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೊ ವೀಕ್ಷಣಾಲಯವಿದೆ. ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ 1.4 ಕಿ.ಮೀ. ಉದ್ದಕ್ಕೆ ಹಬ್ಬಿರುವ ಅಲ್ಲಿನ ಹಳೆಯ ದೂರದರ್ಶಕಕ್ಕೆ ಗುಂಡನೆಯ ತಟ್ಟೆಯಿಲ್ಲ. ಅದರಲ್ಲಿರುವುದು ಕಂಬಗಳಿಗೆ ಕಟ್ಟಿದ 1,000 ಆಂಟೆನಾಗಳು. ಜೊತೆಗೆ 1997ರಿಂದ ಸೂರ್ಯನನ್ನೇ ನೋಡುವ ರೇಡಿಯೊ ಹೀಲಿಯೊಗ್ರಾಫ್ ಕೂಡ ಕೆಲಸ ಮಾಡುತ್ತಿದೆ. ಕರೋನಾದಿಂದ ಸ್ಫೋಟವೊಂದು ಹೊರಟಾಗ ಅದರ ಮುಂದೆ ಸಾಗುವ ಆಘಾತದ ಅಲೆ ರೇಡಿಯೊ ಸದ್ದು ಹೊರಡಿಸುತ್ತದೆ. ಅಲೆ ಸೂರ್ಯನಿಂದ ದೂರ ಸರಿದು ವಿರಳ ಪ್ಲಾಸ್ಮಾಕ್ಕೆ ಬಂದಂತೆ ಆ ಸದ್ದಿನ ಕಂಪನಾಂಕ ಇಳಿಯುತ್ತದೆ. ಇಳಿಯುವ ವೇಗದಿಂದ ಅಲೆಯ ವೇಗವನ್ನು ಅಂದಾಜಿಸಬಹುದು.

ಆದರೆ ಹೊರಟ ಮೋಡದ ಒಳಗಿನ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದು ದೂರದಿಂದ ತಿಳಿಯದು. ದಕ್ಷಿಣಕ್ಕಿದ್ದರೆ ಮಾತ್ರ ಅದು ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ದೊಡ್ಡ ಬಿರುಗಾಳಿ ಎಬ್ಬಿಸುತ್ತದೆ. ಇದನ್ನು ನೇರವಾಗಿ ಅಳೆಯುವುದು ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿ.ಮೀ. ದೂರದಲ್ಲಿ 2024ರ ಜನವರಿಯಿಂದ ನೆಲೆಸಿರುವ ಆದಿತ್ಯ-ಎಲ್1ರಂಥ ನೌಕೆಗಳು. ಸೆಕೆಂಡಿಗೆ 500ರಿಂದ 800 ಕಿ.ಮೀ. ವೇಗದ ಮೋಡ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆಯಿಂದ ಐವತ್ತು ನಿಮಿಷ ಹಿಡಿಯುತ್ತದೆ. ದಿನಗಳ ಮೊದಲು ಕೊಡುವ ಎಚ್ಚರಿಕೆಗಳು ಹಲವು ಬಾರಿ ಹುಸಿಯಾಗುವುದಕ್ಕೂ, ಖಚಿತವಾದ ಎಚ್ಚರಿಕೆ ಬರುವಷ್ಟರಲ್ಲಿ ಸಮಯ ಉಳಿಯದಿರುವುದಕ್ಕೂ ಕಾರಣ ಇದು.

ಗುಳ್ಳೆಗಳ ವಿಷಯದಲ್ಲಿ ಸ್ಥಿತಿ ತಲೆಕೆಳಗು. ಅವುಗಳ ಋತು ಗೊತ್ತು: ಭಾರತದ ರೇಖಾಂಶದಲ್ಲಿ ಕಾಂತರೇಖೆಗಳು ಹೆಚ್ಚುಕಡಿಮೆ ನೇರ ಉತ್ತರಕ್ಕಿರುವುದರಿಂದ, ಹಗಲು-ರಾತ್ರಿಗಳ ಗಡಿಗೆರೆ ಅವುಗಳಿಗೆ ಹೊಂದಿಕೊಳ್ಳುವ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಅವು ಹೆಚ್ಚು. ಹೊತ್ತೂ ಗೊತ್ತು. ಗೊತ್ತಾಗದಿರುವುದು ದಿನ. ಎಲ್ಲ ಲಕ್ಷಣಗಳಲ್ಲೂ ಒಂದೇ ತೆರನಾದ ಎರಡು ಸಂಜೆಗಳಲ್ಲಿ ಒಂದರಲ್ಲಿ ಗುಳ್ಳೆ ಏಳುತ್ತದೆ, ಇನ್ನೊಂದರಲ್ಲಿ ಏಳುವುದಿಲ್ಲ. ಸಂಜೆಯ ಎತ್ತುವ ಶಕ್ತಿಯಲ್ಲಿನ ಸಣ್ಣ ವ್ಯತ್ಯಾಸವೇ ಕಾರಣ ಎನ್ನುವವರಿದ್ದಾರೆ. ಅಸ್ಥಿರ ಪದರಕ್ಕೆ ಮೊದಲ ತಳ್ಳು ಕೊಡುವುದು ಕೆಳಗಿನಿಂದ ಏರಿಬರುವ ಗಾಳಿಯ ಅಲೆಗಳು, ಅವುಗಳಲ್ಲಿ ಹಲವು ಸಮಭಾಜಕದ ಆಸುಪಾಸಿನ ಗುಡುಗು ಮೋಡಗಳಿಂದ ಹುಟ್ಟಿದವು, ಎನ್ನುವವರೂ ಇದ್ದಾರೆ. ಎರಡನೆಯವರ ಮಾತು ನಿಂತರೆ, ಅಶ್ವಿನಿ-ಭರಣಿ ಮಳೆಯ ದಿನಗಳ ಮಧ್ಯಾಹ್ನ ತೆಂಕಣ ದಿಕ್ಕಿನಲ್ಲೆಲ್ಲೋ ಕಟ್ಟಿದ ಕಾರ್ಮೋಡಕ್ಕೂ, ಅದೇ ರಾತ್ರಿ ಕೋಲಾರದ ಮೇಲೆ ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಸಂಕೇತಗಳು ಮಿನುಗುವುದಕ್ಕೂ ಸಂಬಂಧ ಹುಡುಕಬೇಕಾಗುತ್ತದೆ.